ಎರಡಕ್ಷರದ ಇಂಗ್ಲಿಷ್ ಮಾತು

ಹಿಂದಿನ ಸಂಚಿಕೆಯು ಕೈಸೇರಿದ ತರುವಾಯ ವಾಚಕ ಸೋದರಿಯೊಬ್ಬರು ನಮಗೊಂದು ಪತ್ರವನ್ನು ಬರೆದಿದ್ದಾರೆ. ಅವರ ಮಗನು ಆರನೆಯ ತರಗತಿಯಲ್ಲಿ ಓದುತ್ತಿರುವನಂತೆ. ‘ಈಟ್ ಅಪ್ ಯುವರ್ ರೈಸ್’ ಎಂಬ ವಾಕ್ಯವನ್ನು ಕನ್ನಡಿಸಿಕೊಂಡು ಬರಬೇಕೆಂದು ಉಪಾಧ್ಯಾಯರು ಹೇಳಿದ್ದಕ್ಕೆ ಹುಡುಗನು ‘ನಿನ್ನ ಅನ್ನವನ್ನು ಮೇಲಕ್ಕೆ ತಿನ್ನು’ ಎಂದು ಬರೆದುಕೊಂಡು ಹೋದನು. ಕೆಂಪುಮಸಿಯ ಗೀಟನ್ನೂ ತರಗತಿಯವರ ನಗೆಯನ್ನೂ ಸಂಪಾದಿಸಿಕೊಂಡು ಮನೆಗೆ ಬಂದನು. ಆ ಅರ್ಥವನ್ನು ಹೇಳಿಕೊಟ್ಟವರು ತಾಯಿಯವರೇ. “ನಿಘಂಟನ್ನು ತೆರೆದು ನೋಡಿಯೇ ಹೇಳಿದೆನು. ‘ಅಪ್’ ಎಂದರೆ ಮೇಲೆ, ಮೇಲಕ್ಕೆ ಎಂದೇ ಅಲ್ಲಿ ಮೊದಲು ಬರೆದಿದೆ. ಅಂದಿನಿಂದ ಮಗನು ಪಾಠದ ಸಂದೇಹಗಳನ್ನು ನನ್ನೊಡನೆ ಕೇಳುವುದನ್ನೇ ಬಿಟ್ಟಿದ್ದಾನೆ. ನನ್ನ ತಪ್ಪೇನು?” ಎಂಬುದು ಅವರ ಪ್ರಶ್ನೆ.

ತಪ್ಪು ಅವರದಲ್ಲ, ನಿಘಂಟಿನದೂ ಅಲ್ಲ. ಇಂಗ್ಲಿಷಿನಲ್ಲಿ ಬರೆದರೆ ಎರಡೇ ಅಕ್ಷರಗಳಾಗುವ ಈ ‘ಅಪ್’ ಶಬ್ದವು ಒಂಟಿಯಾಗಿರುವಾಗ ಬಹುಮಟ್ಟಿಗೆ ಸಾಧುವಾಗಿಯೇ ಇರುತ್ತದೆ. ಏಣಿಯನ್ನು ಹತ್ತುವಾಗಲೂ ಗಾಳಿಪಟವು ಏರುವಾಗಲೂ ಅದಕ್ಕೆ ಮೇಲಕ್ಕೆ ಎಂಬುದೇ ಅರ್ಥ. ಆದರೆ ಅದು ಒಂದು ಕ್ರಿಯಾಪದದ ಬೆನ್ನುಹತ್ತಿತೆಂದರೆ ಅದರ ಗುಣವೇ ಬೇರೆಯಾಗುವುದು. ಬೆಳಗಿನ ‘ಗೆಟ್ ಅಪ್’ ಎಂಬುದರಲ್ಲಿ ಮಲಗಿದವನು ಮೇಲಕ್ಕೇಳುವನಾದುದರಿಂದ ಮೂಲಾರ್ಥದ ವಾಸನೆಯಾದರೂ ಉಂಟು. ‘ಬಟನ್ ಅಪ್’ ಎಂದು ಅಂಗಿಯ ಗುಂಡಿಗಳನ್ನು ಹಾಕಿಕೊಳ್ಳುವಾಗ, ‘ಲಾಕ್ ಅಪ್’ ಎಂದು ಮನೆಗೆ ಬೀಗವಿಕ್ಕುವಾಗ, ‘ಹರಿ ಅಪ್’ ಎಂದು ಅವಸರಪಡಿಸುವಾಗ ಮೇಲಿನ ಮಾತೆಲ್ಲಿ ಬಂತು? ಬಾವಿ ಬತ್ತಿದರೆ ‘ಡ್ರೈಡ್ ಅಪ್’. ಬತ್ತಿದ ನೀರು ಕೆಳಗಿಳಿದುದೇ ಹೊರತು ಮೇಲೇರಲಿಲ್ಲ. ಪರೀಕ್ಷೆಯ ಕೋಣೆಯಲ್ಲಿ ‘ಟೈಮ್ ಈಸ್ ಅಪ್’ ಎಂದು ಸಾರಿದಾಗ ಹೊತ್ತು ಮುಗಿಯಿತೆಂದು ತಿಳಿಯದೆ, ಹೊತ್ತು ಮೇಲೆ ಇದೆಯೆಂದು ನಂಬಿ ಬರೆಯುತ್ತ ಕುಳಿತವನ ಕಾಗದವನ್ನು ಕಿತ್ತುಕೊಳ್ಳದೆ ಬಿಡರು. ಇನ್ನು ‘ವಾಷ್ ಅಪ್’ ಎಂಬುದೊಂದಿದೆ. ಇಂಗ್ಲೆಂಡಿನಲ್ಲಿ ಅದಕ್ಕೆ ಪಾತ್ರೆಗಳನ್ನು ತೊಳೆ ಎಂದು ಅರ್ಥ. ಅಮೆರಿಕದಲ್ಲಿ ಕೈಮುಖ ತೊಳೆದುಕೋ ಎಂದು. ಅಮೆರಿಕದ ಅತ್ತೆಗೆ ಇಂಗ್ಲೆಂಡಿನ ಸೊಸೆ ದೊರೆತರೆ ಆ ಮನೆಯ ಅಡಿಗೆಮನೆಯಲ್ಲಿ ಏನಾದೀತೆಂಬುದನ್ನು ವಾಚಕರೇ ಊಹಿಸಬಹುದು.

‘ಮೇಕ್ ಅಪ್’ ಎಂಬ ಒಂದೇ ಜೋಡಿಯನ್ನು ನೋಡೋಣ. ‘ಮೇಕ್’ ಎಂದರೆ ಮಾಡು ಎಂಬುದನ್ನು ಮಕ್ಕಳೂ ಬಲ್ಲರು. ನಾಟಕದವರ ಬಣ್ಣಗಾರಿಕೆಯ ಮೂಲಕ ಈ ಜೋಡಿಯು ಕನ್ನಡಕ್ಕೂ ಬಂದು, ಮದುವೆಮನೆಯಲ್ಲಿ ಹೆಣ್ಣಿಗೆ ‘ಮೇಕಪ್’ ಮಾಡುವವರೆಗೆ ನಮ್ಮದಾಗಿಬಿಟ್ಟಿದೆ. ಆದರೆ ಇಂಗ್ಲಿಷಿನವನು ಇದರಿಂದಲೇ ಇಲ್ಲದ ಕಥೆಯನ್ನು ಕಟ್ಟುವನು. ಇದರಿಂದಲೇ ಕಲಹವಾಡಿದ ಗೆಳೆಯನೊಡನೆ ರಾಜಿಯಾಗುವನು. ಇದರಿಂದಲೇ ವ್ಯಾಪಾರದಲ್ಲಿ ಆದ ನಷ್ಟವನ್ನು ತುಂಬಿಕೊಳ್ಳುವನು. ಔಷಧಿಯಂಗಡಿಯಲ್ಲಿ ವೈದ್ಯರ ಚೀಟಿಯನ್ನು ನೋಡಿ ಮದ್ದನ್ನು ಬೆರೆಸಿಕೊಡುವನು. ಕೊನೆಗೆ ‘ಮೇಕ್ ಅಪ್ ಯುವರ್ ಮೈಂಡ್’ ಎಂದು, ಹಿಂದುಮುಂದು ನೋಡುತ್ತಿರುವವನಿಗೆ ಒಂದು ನಿರ್ಧಾರಕ್ಕೆ ಬಾ ಎಂದು ಹೇಳುವನು. ‘ಮಾಡು’, ‘ಮೇಲೆ’ ಎಂಬೆರಡನ್ನು ಎಷ್ಟು ಕೂಡಿಸಿ ಅರೆದರೂ ಇವುಗಳಲ್ಲಿ ಒಂದಾದರೂ ಹೊರಡುವುದಿಲ್ಲ. ‘ಬ್ರಿಂಗ್ ಅಪ್’ ಎಂಬುದೂ ಕಡಮೆಯದಲ್ಲ. ಮಗುವನ್ನು ಸಾಕಿ ಬೆಳೆಸುವುದೂ ಅದೇ, ಸಭೆಯಲ್ಲಿ ಒಂದು ವಿಷಯವನ್ನೆತ್ತುವುದೂ ಅದೇ, ಉಂಡದ್ದನ್ನು ಕಾರಿಕೊಳ್ಳುವುದೂ ಅದೇ.

ಕೆಲವೆಡೆ ಇದರ ಸ್ವಭಾವವು ವಿನೋದಕ್ಕೆ ಸಮೀಪವಾಗಿದೆ. ಮನೆಗೆ ಬೆಂಕಿ ಬಿದ್ದು ನೆಲಸಮವಾದರೆ ‘ಬರ್ನ್ಟ್ ಡೌನ್’. ಅದೇ ಬೆಂಕಿಯಲ್ಲಿ ಕಾಗದಪತ್ರಗಳು ಬೂದಿಯಾದರೆ ‘ಬರ್ನ್ಟ್ ಅಪ್’. ಮನೆಯು ಕೆಳಗೆ ಹೋಯಿತು, ಕಾಗದವು ಮೇಲೆ ಹೋಯಿತು, ಉಳಿದದ್ದು ಎರಡರಲ್ಲಿಯೂ ಬೂದಿಯೇ. ಕ್ರಿಯಾಪದದ ಹಿಂದಿರುವುದಕ್ಕೂ ಮುಂದಿರುವುದಕ್ಕೂ ಅಂತರವಿದೆ. ‘ಸೆಟ್ ಅಪ್’ ಎಂದರೆ ಸ್ಥಾಪಿಸು. ಅದನ್ನೇ ತಿರುವಿ ‘ಅಪ್‌ಸೆಟ್’ ಎಂದರೆ ಬುಡಮೇಲು ಮಾಡು. ಇಂಗ್ಲೆಂಡಿನ ಆಚಾರದಲ್ಲಿಯೂ ಈ ಮಾತು ಭೂಪಟವನ್ನು ಲಕ್ಷಿಸುವುದಿಲ್ಲ. ಅಲ್ಲಿಯ ರೈಲ್ವೆಯವರಿಗೆ ರಾಜಧಾನಿಯಾದ ಲಂಡನ್ನಿನ ಕಡೆಗೆ ಹೋಗುವುದೆಲ್ಲವೂ ‘ಅಪ್’ ಗಾಡಿಯೇ. ಪಟದಲ್ಲಿ ಮೇಲ್ಗಡೆಯಿರುವ ಸ್ಕಾಟ್‌ಲೆಂಡಿನಿಂದ ಕೆಳಕ್ಕಿಳಿದು ಬರುವುದೂ ‘ಅಪ್’. ಆಕ್ಸ್‌ಫರ್ಡ್, ಕೇಂಬ್ರಿಜ್ ವಿದ್ಯಾಪೀಠಗಳಿಗೆ ಸೇರುವವನು ‘ಅಪ್’ ಹೋಗುತ್ತಾನೆ. ನಡತೆಗೆಟ್ಟವನನ್ನು ‘ಡೌನ್’ ಕಳುಹಿಸುತ್ತಾರೆ. ನಮ್ಮ ದೇಶದ ರೈಲು ನಿಲ್ದಾಣಗಳಲ್ಲಿಯೂ ಹಳಿಗಳಿಗೆ ಅಪ್, ಡೌನ್ ಎಂಬ ಈ ಹೆಸರುಗಳು ಅಲ್ಲಿಂದಲೇ ಬಂದುವು.

ಇವೆಲ್ಲವೂ ನಗುವುದಕ್ಕೆ ಚೆನ್ನಾಗಿವೆ. ಆದರೆ ಇದೇ ಮಾತು ನಮ್ಮ ಮನೆಯಲ್ಲಿ ಒಂದು ಸಂಜೆ ಒಲೆಯನ್ನು ಆರಿಸಿದ್ದುಂಟು.

1964ನೆಯ ಇಸವಿ. ನಾನು ಆಗ ಹದಿಮೂರು ವರ್ಷದ ಹುಡುಗ. ಮಲೆನಾಡಿನ ನಮ್ಮ ಹಳ್ಳಿಯ ಮನೆಯಲ್ಲಿ ಇಂಗ್ಲಿಷ್ ಬಲ್ಲವನೆಂದರೆ ನಾನೊಬ್ಬನೇ. ದೊಡ್ಡಪ್ಪನು ಮುಂಬಯಿಯಲ್ಲಿ ನೌಕರಿಯಲ್ಲಿದ್ದನು. ದೊಡ್ಡಮ್ಮ ಹೆರಿಗೆಯಾದ ಮಗಳ ಆರೈಕೆಗೆಂದು ಊರಿಗೆ ಬಂದಿದ್ದಳು. ಒಂದು ಮಧ್ಯಾಹ್ನ ಅಂಚೆಯವನು ತಂತಿಯನ್ನು ತಂದನು. ತಂತಿಯೆಂದರೆ ಆ ಕಾಲದ ಹಳ್ಳಿಯವರಿಗೆ ಏನೆನಿಸುತ್ತಿತ್ತೆಂಬುದನ್ನು ಇಂದಿನವರಿಗೆ ಹೇಳಿ ತಿಳಿಸುವುದು ಕಷ್ಟ. 2013ರ ಜುಲೈ ತಿಂಗಳಲ್ಲಿ ಆ ಸೇವೆಯೇ ನಿಂತುಹೋಯಿತು. ಅಂಗಳದಲ್ಲಿ ಎಲ್ಲರೂ ನೆರೆದರು. ನಾನು ಗಟ್ಟಿಯಾಗಿ ಓದಿದೆನು: ‘ಬ್ರದರ್ ಲೇಡ್ ಅಪ್ ಲೆಟರ್ ಫಾಲೋಸ್’. ‘ಲೇಡ್’ ಎಂದರೆ ಇರಿಸಿದರು, ಮಲಗಿಸಿದರು ಎಂದು ನನಗೆ ಗೊತ್ತಿತ್ತು. ‘ಅಪ್’ ಅಂತೂ ಮೊದಲನೆಯ ಪುಸ್ತಕದಲ್ಲಿಯೇ ಕಲಿತದ್ದು. “ಅಣ್ಣನನ್ನು ಮೇಲೆ ಮಲಗಿಸಿದ್ದಾರೆ, ಕಾಗದ ಬರುತ್ತದೆ” ಎಂದು ಹೇಳಿದೆನು.

“ಮೇಲೆ ಎಂದರೆ ಎಲ್ಲಿಯೋ?” ಎಂದಳು ಅಜ್ಜಿ. ನಾನು ಉತ್ತರ ಕೊಡಲಿಲ್ಲ. ಕೊಡುವ ಅವಶ್ಯವೂ ಇರಲಿಲ್ಲ. ಮಲಗಿಸುವ ‘ಮೇಲು’ ಯಾವುದೆಂದು ಕನ್ನಡ ಬಲ್ಲವರಿಗೆ ಬಿಡಿಸಿ ಹೇಳಬೇಕೆ? ಅಜ್ಜಿ ಕಂಬವನ್ನು ಹಿಡಿದು ಕುಳಿತುಬಿಟ್ಟಳು. ದೊಡ್ಡಮ್ಮ ಅಳಲಿಲ್ಲ; ತನ್ನ ಕೈಬಳೆಗಳನ್ನು ನೋಡಿಕೊಳ್ಳುತ್ತ ನಿಂತಳು. ತಂದೆಯವರು ಒಂದು ಮಾತನ್ನೂ ಆಡದೆ ತಂತಿಯನ್ನು ಮಡಿಸಿ ಜೇಬಿನಲ್ಲಿಟ್ಟುಕೊಂಡು ಆರು ಮೈಲಿ ದೂರದ ಪೇಟೆಗೆ ನಡೆದರು. ಆ ಸಂಜೆ ಒಲೆ ಉರಿಯಲಿಲ್ಲ. ರಾತ್ರಿ ಬಹಳ ಹೊತ್ತಾದ ಮೇಲೆ ಲಾಟೀನಿನ ಬೆಳಕು ಗದ್ದೆಯ ಬದುವಿನ ಮೇಲೆ ಕಾಣಿಸಿತು, ಅಂಗಳಕ್ಕೆ ಕಾಲಿಡುವ ಮೊದಲೇ ತಂದೆಯವರು, “ಅತ್ತಿಗೆ, ಏನೂ ಆಗಿಲ್ಲ, ಅಣ್ಣ ಕಾಯಿಲೆಯಿಂದ ಹಾಸಿಗೆ ಹಿಡಿದಿದ್ದಾನೆ, ಅಷ್ಟೆ! ಪೋಸ್ಟ್‌ಮಾಸ್ತರರು ನೋಡಿ ಹೇಳಿದರು” ಎಂದು ಕೂಗಿಕೊಂಡರು. ನಾಲ್ಕು ದಿನಗಳ ಮೇಲೆ ಕಾಗದವೂ ಬಂತು. ಮೆಟ್ಟಿಲಿನಿಂದ ಜಾರಿ ಕಾಲಿನ ಮೂಳೆ ಮುರಿದಿತ್ತಂತೆ. ದೊಡ್ಡಪ್ಪನು ಅನಂತರ ಹತ್ತೊಂಬತ್ತು ವರ್ಷ ಬದುಕಿದನು. ಆ ತಂತಿಯ ಕಥೆಯನ್ನು ಊರಿಗೆ ಬಂದಾಗಲೆಲ್ಲ ನನ್ನಿಂದಲೇ ಹೇಳಿಸಿ ನಗುತ್ತಿದ್ದನು. ದೊಡ್ಡಮ್ಮ ಮಾತ್ರ ಆ ಹೊತ್ತಿಗೆ ಎದ್ದು ಒಳಗೆ ಹೋಗುತ್ತಿದ್ದಳು.

ಆ ರಾತ್ರಿ ನನಗೆ ನಿದ್ದೆ ಬಾರದಿದ್ದಾಗ ಒಂದು ಸಂಗತಿ ಹೊಳೆಯಿತು. ‘ಹಾಸಿಗೆ ಹಿಡಿದಿದ್ದಾನೆ’ ಎಂದು ತಂದೆಯವರು ಕೂಗಿದರಲ್ಲ, ಅದನ್ನು ಒಬ್ಬ ಇಂಗ್ಲಿಷಿನ ಹುಡುಗನು ಶಬ್ದಶಃ ಬಿಡಿಸಿದ್ದರೆ ದೊಡ್ಡಪ್ಪನು ಎರಡು ಕೈಗಳಿಂದಲೂ ಹಾಸಿಗೆಯನ್ನು ಹಿಡಿದು ನಿಂತಿರುವನೆಂದು ತಿಳಿಯುತ್ತಿರಲಿಲ್ಲವೆ? ನಮ್ಮ ‘ಮೇಲೆ’ ಎಂಬುದೇನು ಕಡಮೆ ಚಂಚಲವೆ? ಗದ್ದೆಯ ಬದುವಿನ ಮೇಲೆ, ಊಟವಾದ ಮೇಲೆ, ಮಗನ ಮೇಲೆ ಕೋಪ, ಸಾಲದ ಮೇಲೆ ಸಾಲ, ರೋಗಿಗೆ ನಿನ್ನೆಗಿಂತ ಇಂದು ಮೇಲು. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ದೊಡ್ಡ ನಿಘಂಟನ್ನು ಸಿದ್ಧಪಡಿಸುವಾಗ ಜರ್ಮನಿಯಿಂದ ಬಂದ ಕಿಟ್ಟೆಲ್ ಮಹಾಶಯರು ಇಂಥವನ್ನೆಲ್ಲ ಎಷ್ಟು ತಾಳ್ಮೆಯಿಂದ ಬಿಡಿಸಿಕೊಂಡಿರಬೇಕು!

ಈಗ ಸೋದರಿಯವರ ಪ್ರಶ್ನೆಗೆ ಬರೋಣ. ‘ಈಟ್ ಅಪ್’ ಎಂಬಲ್ಲಿಯ ‘ಅಪ್’ಗೆ ಸಮನಾದುದು ನಮ್ಮಲ್ಲಿ ‘ಮೇಲೆ’ ಅಲ್ಲ, ‘ಬಿಡು’. ತಿಂದುಬಿಡು, ಹೇಳಿಬಿಡು, ಮುಗಿಸಿಬಿಡು ಎನ್ನುವಾಗ ಯಾವುದನ್ನೂ ಬಿಡುವುದಿಲ್ಲ. ತದ್ವಿರುದ್ಧವಾಗಿ, ಏನನ್ನೂ ಉಳಿಸಬೇಡವೆನ್ನುತ್ತೇವೆ. ಇಂಗ್ಲಿಷಿನವನು ಕ್ರಿಯೆಯು ಪೂರ್ತಿಯಾಯಿತೆಂದು ಸೂಚಿಸಲು ‘ಅಪ್’ ಎಂಬ ಒಂದೇ ಗೂಟಕ್ಕೆ ಕಟ್ಟುವುದನ್ನು ನಾವು ನಾಲ್ಕಾರು ಗೂಟಗಳಿಗೆ ಹಂಚಿ ಕಟ್ಟಿದ್ದೇವೆ. ಅವನು ಕಾಗದವನ್ನು ‘ಟೇರ್ ಅಪ್’ ಮಾಡಿದರೆ ನಾವು ಹರಿದುಹಾಕುತ್ತೇವೆ. ಅವನು ‘ಟೈ ಅಪ್’ ಎಂದರೆ ನಾವು ಕಟ್ಟಿಹಾಕು ಎನ್ನುತ್ತೇವೆ. ಅವನ ಬಾವಿ ‘ಡ್ರೈ ಅಪ್’ ಆದರೆ ನಮ್ಮದು ಬತ್ತಿಹೋಗುತ್ತದೆ. ಅವನು ‘ಸೇವ್ ಅಪ್’ ಮಾಡಿದ ಹಣವನ್ನು ನಾವು ಕೂಡಿಡುತ್ತೇವೆ. ಹಾಕು, ಹೋಗು, ಇಡು ಎಂಬ ಈ ಮಾತುಗಳು ತಮ್ಮ ಮೂಲಾರ್ಥವನ್ನು ಹೊಸ್ತಿಲಲ್ಲಿಯೇ ಬಿಟ್ಟು ಬಂದಿವೆ. ನಮ್ಮ ಮಕ್ಕಳಿಗೆ ಯಾರೂ ಇದನ್ನು ಕಲಿಸಲಿಲ್ಲ. ತಾಯಿಯ ಬಾಯಿಂದ ಕೇಳಿ ಬಂತು.

ಇಂಗ್ಲಿಷರಿಗೂ ತಮ್ಮ ಭಾಷೆಯ ಈ ತೊಡಕು ಗೊತ್ತಿಲ್ಲದೆ ಇರಲಿಲ್ಲ. ಪ್ರಸಿದ್ಧ ನಿಘಂಟುಕಾರನಾದ ಸ್ಯಾಮ್ಯುಯಲ್ ಜಾನ್ಸನ್ನನು 1755ರಲ್ಲಿ ತನ್ನ ನಿಘಂಟಿನ ಪೀಠಿಕೆಯಲ್ಲಿ, ಕ್ರಿಯಾಪದದ ಹಿಂದೆ ಇಂಥ ಕಿರುಮಾತನ್ನು ಸೇರಿಸಿ ಅರ್ಥವನ್ನು ಬದಲಾಯಿಸುವ ಪದ್ಧತಿಯೇ ವಿದೇಶೀಯರಿಗೆ ಎಲ್ಲಕ್ಕಿಂತ ಹೆಚ್ಚು ಕಷ್ಟವನ್ನು ಕೊಡುವುದೆಂದು ಒಪ್ಪಿಕೊಂಡು, ಅವನ್ನು ಬಹು ಎಚ್ಚರದಿಂದ ಗುರುತಿಸಿದ್ದೇನೆಂದು ಬರೆದನು. ನಮ್ಮ ವೈಯಾಕರಣರಿಗೆ ಇದು ಹೊಸದಲ್ಲ. ಸಂಸ್ಕೃತದಲ್ಲಿ ಉಪಸರ್ಗವು ಧಾತುವಿನ ಹಿಂದೆ ಬಾರದೆ ಮುಂದೆ ನಿಂತು ಇದೇ ಕೆಲಸವನ್ನು ಮಾಡುತ್ತದೆ. ಒಂದೇ ಧಾತುವಿನಿಂದ ಆಹಾರವೂ ಸಂಹಾರವೂ ವಿಹಾರವೂ ಪರಿಹಾರವೂ ಹುಟ್ಟಿದುವು. ಇನ್ನೂ ಒಂದು ಸ್ವಾರಸ್ಯವನ್ನು ಭಾಷಾಶಾಸ್ತ್ರಜ್ಞರು ತೋರಿಸಿದ್ದಾರೆ. ಇಂಗ್ಲಿಷಿನ ‘ಅಪ್’, ಸಂಸ್ಕೃತದ ‘ಉಪ’, ಲ್ಯಾಟಿನ್ನಿನ ‘ಸಬ್’, ಗ್ರೀಕಿನ ‘ಹೈಪೊ’ ಇವು ನಾಲ್ಕೂ ಒಂದೇ ಪ್ರಾಚೀನ ಮೂಲದಿಂದ ಬಂದ ಒಡಹುಟ್ಟಿದವುಗಳು. ಕೆಳಗಿನಿಂದ ಮೇಲಕ್ಕೆ ಎಂಬುದು ಮೂಲದ ಭಾವವಾಗಿದ್ದಿತೆಂದು ಅವರ ಮತ. ಇಂಗ್ಲಿಷಿನವನು ಮೇಲನ್ನು ಇಟ್ಟುಕೊಂಡನು. ಲ್ಯಾಟಿನ್ನಿನವನೂ ಗ್ರೀಕನೂ ಕೆಳಗನ್ನು ಇಟ್ಟುಕೊಂಡರು. ನಮಗೆ ಉಪನಯನ, ಉಪವಾಸಗಳಲ್ಲಿರುವ ಸಮೀಪವೆಂಬ ಅರ್ಥವು ಪಾಲಿಗೆ ಬಂತು. ಹುಡುಗನ ಪುಸ್ತಕದ ಮೇಲೆ ಗೀಟೆಳೆದ ಉಪಾಧ್ಯಾಯರ ಹೆಸರಿನ ಮೊದಲಿಗೂ ಅದೇ ‘ಅಪ್’ ಕುಳಿತಿದೆಯೆಂದು ತಿಳಿದರೆ ಅವನ ಮನಸ್ಸಿಗೆ ಕೊಂಚ ಸಮಾಧಾನವಾದೀತು.

ಆದುದರಿಂದ ಸೋದರಿಯವರು ‘ಅಪ್’ ಎಂಬುದನ್ನು ಬಿಡಿಯಾಗಿ ನಿಘಂಟಿನಲ್ಲಿ ನೋಡುವುದನ್ನು ನಿಲ್ಲಿಸಿ, ಅದು ಅಂಟಿಕೊಂಡಿರುವ ಕ್ರಿಯಾಪದದ ಕೆಳಗೆ ಜೋಡಿಯಾಗಿಯೇ ಹುಡುಕಲಿ. ಒಳ್ಳೆಯ ನಿಘಂಟುಗಳಲ್ಲಿ ಜೋಡಿಗಳನ್ನು ಅಲ್ಲಿಯೇ ಬಿಡಿಸಿರುತ್ತಾರೆ. ಮಗನ ಪುಸ್ತಕದಲ್ಲಿ ‘ಅನ್ನವನ್ನು ಉಳಿಸದೆ ತಿಂದುಬಿಡು’ ಎಂದು ಬರೆಯಿಸಲಿ. ಬರೆಯಿಸಿದ ಮೇಲೆ, ಸಂಜೆ ಅವನಿಗೆ ಬಡಿಸುವಾಗ ಒಂದು ಮಾತನ್ನು ಕೇಳಲಿ: “ತಿಂದುಬಿಡು ಎಂದೆನಲ್ಲ ಮಗು, ತಿನ್ನಬೇಕೋ ಬಿಡಬೇಕೋ?” ಹುಡುಗನು ಏನು ಹೇಳಿದನೆಂಬುದನ್ನು ನಮಗೂ ಒಂದು ಕಾರ್ಡಿನಲ್ಲಿ ಬರೆದು ತಿಳಿಸಿದರೆ ಸಂತೋಷ.