ತಬರನ ಕತೆ ಯಾರಿಗೆ ಅರ್ಥವಾಗುವುದಿಲ್ಲ?

ಗಿರೀಶ್ ಕಾಸರವಳ್ಳಿಯವರ ಚಿತ್ರಗಳ ಮಾತು ಬಂದಾಗಲೆಲ್ಲ ಎರಡು ಬಗೆಯ ಜನ ಒಂದೇ ರಾಗ ಹಾಡುತ್ತಾರೆ. ಮೊದಲನೆಯವರು ಚಿತ್ರ ಹಂಚುವ, ಚಿತ್ರಮಂದಿರ ನಡೆಸುವ ಹಣವಂತರು. ಎರಡನೆಯವರು ಪೇಟೆಯ ವಿದ್ಯಾವಂತ ಮಹನೀಯರು. ಬೇರೆ ಯಾವ ವಿಷಯದಲ್ಲೂ ಹೊಂದದ ಈ ಇಬ್ಬರು ಇದೊಂದರಲ್ಲಿ ಒಂದಾಗಿದ್ದಾರೆ: "ಅವು ಪ್ರಶಸ್ತಿ ಚಿತ್ರಗಳು. ಬಹಳ ನಿಧಾನ. ಸಾಹಿತ್ಯ ಓದಿದವರಿಗೆ ಸರಿ. ಗಿರಣಿಯವರಿಗೆ, ಮಂಡಿಯವರಿಗೆ ತಿಳಿಯುವುದಿಲ್ಲ." ಮೊದಲನೆಯವರು ಇದನ್ನು ಹೇಳಿ ಚಿತ್ರವನ್ನು ಊರಿಗೆ ತರುವ ಹೊಣೆಯಿಂದ ಜಾರಿಕೊಳ್ಳುತ್ತಾರೆ. ಎರಡನೆಯವರು ಇದನ್ನು ಹೇಳಿ ತಾವು ತಿಳಿದವರೆನಿಸಿಕೊಳ್ಳುತ್ತಾರೆ. ಈ ಮಾತು ಸುಳ್ಳು. ದುಡಿಯುವ ಜನಕ್ಕೆ ಮಾಡುವ ಅವಮಾನ. ಏಕೆಂಬುದನ್ನು ಒಂದೊಂದಾಗಿ ನೋಡೋಣ.

ಮೊದಲು ಕತೆಯನ್ನೇ ತೆಗೆದುಕೊಳ್ಳಿ. ಪೂರ್ಣಚಂದ್ರ ತೇಜಸ್ವಿಯವರ 'ತಬರನ ಕತೆ' 1973ರಲ್ಲಿ 'ಅಬಚೂರಿನ ಪೋಸ್ಟಾಫೀಸು' ಸಂಕಲನದಲ್ಲಿ ಬಂತು. ಕಾಸರವಳ್ಳಿಯವರು ಅದನ್ನು 1986ರಲ್ಲಿ ಚಿತ್ರ ಮಾಡಿದರು. ತಬರಶೆಟ್ಟಿ ಬ್ರಿಟಿಷರ ಕಾಲದಿಂದ ಸರ್ಕಾರದ ಚಾಕರಿ ಮಾಡಿದ ಬಡಪಾಯಿ. ದೊರೆಗಳು ಹೋಗಿ ಸ್ವರಾಜ್ಯ ಬಂದರೂ ಅವನ ನಿಷ್ಠೆ ಬದಲಾಗಲಿಲ್ಲ. ಕಾಫಿ ಸುಂಕ ವಸೂಲಿಗೆ ಅವನನ್ನು ಅಟ್ಟುತ್ತಾರೆ, ಬೆಳೆಗಾರರು ತಿರುಗಿಬೀಳುತ್ತಾರೆ, ಆ ಲೆಕ್ಕದ ಗೊಂದಲ ಅವನ ತಲೆಗೇ ಬರುತ್ತದೆ. ನಿವೃತ್ತನಾದ ಮೇಲೆ ಪೆನ್ಷನ್ನಿಗಾಗಿ ಕಚೇರಿಯಿಂದ ಕಚೇರಿಗೆ ಅಲೆಯುತ್ತಾನೆ. ಮನೆಯಲ್ಲಿ ಹೆಂಡತಿಗೆ ಸಕ್ಕರೆ ಕಾಯಿಲೆ. ಕಾಲಿನ ಗಾಯ ಕೊಳೆಯುತ್ತದೆ. ಆಸ್ಪತ್ರೆಗೆ ಹಣವಿಲ್ಲದೆ, ಆ ಕಾಲನ್ನು ಕತ್ತರಿಸಿಕೊಡು ಎಂದು ಕಟುಕನನ್ನು ಬೇಡುವ ಸ್ಥಿತಿಗೆ ಆ ಮನುಷ್ಯ ಬರುತ್ತಾನೆ. ಫೈಲು ಮುಗಿಯುವ ಮುಂಚೆ ಹೆಂಡತಿಯ ಆಯುಷ್ಯ ಮುಗಿಯುತ್ತದೆ, ಅವನ ಬುದ್ಧಿಯೂ ಕೆಡುತ್ತದೆ.

ಇದು ನಮ್ಮ ಜನಕ್ಕೆ ತಿಳಿಯುವುದಿಲ್ಲವೆ? ಬಟವಾಡಿಯ ಜನಕ್ಕೆ ಬಟವಾಡೆ ಎಂದರೇನೆಂದು ಯಾರೂ ಹೇಳಿಕೊಡಬೇಕಾಗಿಲ್ಲ. ತಿಂಗಳ ಕೊನೆಗೆ ಕೈಗೆ ಬರಬೇಕಾದ್ದು ಬಾರದಿದ್ದರೆ ಮನೆಯಲ್ಲಿ ಏನಾಗುತ್ತದೆಂದು ಬಲ್ಲವರು ಅವರು. ಭವಿಷ್ಯನಿಧಿಯ ಪೆನ್ಷನ್ನಿಗೆ ತಿಂಗಳಿಗೆ ಕನಿಷ್ಠ 1000 ರೂಪಾಯಿ ಎಂದು 2014ರಲ್ಲಿ ಗೊತ್ತು ಮಾಡಿದರು. ಇಡೀ ಆಯುಷ್ಯ ಯಂತ್ರದ ಮುಂದೆ ಕಳೆದವನಿಗೆ ಕೊಡಲು ಒಪ್ಪಿದ ಮೊತ್ತ ಅದು! ಅದಕ್ಕೂ ಅವನು ವರ್ಷಕ್ಕೊಮ್ಮೆ ತಾನು ಬದುಕಿದ್ದೇನೆಂದು ರುಜುವಾತು ಕೊಡಬೇಕು. ಸಣ್ಣ ಅಂಗಡಿಕಾರನ ಪಾಡೂ ಬೇರೆಯಲ್ಲ. ಲೈಸೆನ್ಸಿಗೆ ಒಂದು ಕಚೇರಿ, ತೆರಿಗೆಗೆ ಇನ್ನೊಂದು. ತಬರನನ್ನು ಬಲ್ಲವರು ಯಾರು, ಬಲ್ಲದವರು ಯಾರು? ಓದುಗರೇ ತೀರ್ಮಾನಿಸಲಿ.

ಇನ್ನು 'ನಿಧಾನ' ಎಂಬ ಆಪಾದನೆ. ಪೇಟೆಯ ಚಿತ್ರದಲ್ಲಿ ಕಚೇರಿಯ ದೃಶ್ಯ ಬಂದರೆ ಏನಾಗುತ್ತದೆ? ನಾಯಕ ನುಗ್ಗುತ್ತಾನೆ, ಗುಮಾಸ್ತೆಯ ಕೊರಳಪಟ್ಟಿ ಹಿಡಿಯುತ್ತಾನೆ, ಎರಡು ನಿಮಿಷದಲ್ಲಿ ಫೈಲಿಗೆ ರುಜು ಬೀಳುತ್ತದೆ. ನಾವು ಚಪ್ಪಾಳೆ ತಟ್ಟುತ್ತೇವೆ. ಮರುದಿನ ಅದೇ ಕಚೇರಿ, ಅದೇ ಕಿಟಕಿ, ಅದೇ 'ನಾಳೆ ಬಾ'. ಕಾಸರವಳ್ಳಿಯವರ ಕ್ಯಾಮರಾ ಹಾಗೆ ಓಡುವುದಿಲ್ಲ. ತುಸು ದೂರದಲ್ಲಿ ನಿಂತು ನೋಡುತ್ತದೆ. ಬಾಗಿಲು, ಕಂಬ, ಮೇಜು, ಅವುಗಳ ನಡುವೆ ಮನುಷ್ಯ. ಅವನು ಅತ್ತಾಗ ಮುಖದ ಹತ್ತಿರ ಧಾವಿಸಿ ಕಣ್ಣೀರು ತೋರಿಸುವುದಿಲ್ಲ, ಪಿಟೀಲು ನುಡಿಸಿ ನಮ್ಮಿಂದ ಅಳು ಕೀಳುವುದಿಲ್ಲ. ಅವನು ಕಾದರೆ ನಾವೂ ಕಾಯಬೇಕು. ಆ ನಿಧಾನ ಕಚೇರಿಯದು. ನಿರ್ದೇಶಕರು ಅದನ್ನು ಕತ್ತರಿಸಿ ಬಿಸಾಡದೆ ನಮ್ಮ ಮುಂದೆ ಇಟ್ಟಿದ್ದಾರೆ. ತಬರನ ಪಾತ್ರ ಮಾಡಿದ ಚಾರುಹಾಸನ್ ಅವರಿಗೆ ರಾಷ್ಟ್ರಪ್ರಶಸ್ತಿ ಬಂತು, ಚಿತ್ರಕ್ಕೆ ಸ್ವರ್ಣಕಮಲ ಬಂತು. ಅವರು ನಟಿಸಿ ತೋರಿಸಿದ ಆ ಕಾಯುವ ನಡಿಗೆ ನಮ್ಮ ಊರಿನ ಯಾವ ಕಚೇರಿಯ ಮೆಟ್ಟಿಲ ಮೇಲಾದರೂ ಕಾಣಸಿಗುತ್ತದೆ.

1977ರ 'ಘಟಶ್ರಾದ್ಧ'ದಲ್ಲಿಯೂ ಇದೇ ಕಸುಬು. ಅನಂತಮೂರ್ತಿಯವರ ಕತೆಯಲ್ಲಿ ವೇದಪಾಠಕ್ಕೆ ಬಂದ ಹುಡುಗನೇ ಕತೆ ಹೇಳುತ್ತಾನೆ. ಚಿತ್ರವೂ ಆ ನಾಣಿ ಎಂಬ ಹುಡುಗನ ಕಣ್ಣಿನಿಂದಲೇ ನೋಡುತ್ತದೆ. ಬಸಿರಾದ ವಿಧವೆ ಯಮುನಕ್ಕನನ್ನು ಬದುಕಿರುವಾಗಲೇ ಸತ್ತವಳೆಂದು ಶ್ರಾದ್ಧ ಮಾಡಿ ಹೊರಹಾಕುವ ಹಿರಿಯರ ಕ್ರೌರ್ಯ, ಏನೂ ಅರಿಯದ ಮಗುವಿನ ನೋಟದಲ್ಲಿ ಇಮ್ಮಡಿ ಕಾಣುತ್ತದೆ. ಎಸ್. ರಾಮಚಂದ್ರ ಅವರು ಕಪ್ಪು ಬಿಳುಪಿನಲ್ಲಿ ಹಿಡಿದ ಆ ಚಿತ್ರದಲ್ಲಿ ಭಾಷಣವಿಲ್ಲ. ಆದರೂ ಜಾತಿ ಕಟ್ಟಳೆಯ ವಿರುದ್ಧ ಅಷ್ಟು ಬಲವಾದ ಮಾತು ನಮ್ಮ ವೇದಿಕೆಗಳಿಂದ ಅಪರೂಪಕ್ಕೆ ಬಂದಿದೆ.

ಮೂರನೆಯ ಆಪಾದನೆ ಸಾಹಿತ್ಯಾಭಿಮಾನಿಗಳದು: ಪುಸ್ತಕದಲ್ಲಿದ್ದುದನ್ನು ಬದಲಿಸುತ್ತಾರೆ ಎಂದು. ಬದಲಿಸುತ್ತಾರೆ, ನಿಜ. ವೈದೇಹಿಯವರ ಕತೆಯಲ್ಲಿ ಊರಿಗೆ ಬಂದದ್ದು ಸಿನಿಮಾ ಟಾಕೀಸು. 2008ರ 'ಗುಲಾಬಿ ಟಾಕೀಸ್'ನಲ್ಲಿ ಬಂದದ್ದು ಸೂಲಗಿತ್ತಿ ಗುಲಾಬಿಯ ಮನೆಗೆ ಟಿ.ವಿ. ಕಾಲ ಕಾರ್ಗಿಲ್ ಯುದ್ಧದ 1999. ಬೆಸ್ತರ ಕೇರಿಯಲ್ಲಿ ಸಣ್ಣ ದೋಣಿಯವರಿಗೂ ದೊಡ್ಡ ಬೋಟಿನವರಿಗೂ ಜಗಳ. ಹೊಟ್ಟೆಪಾಡಿನ ಆ ಜಗಳ ಹೇಗೆ ಹಿಂದೂ-ಮುಸ್ಲಿಂ ಜಗಳವಾಗಿ ತಿರುಗುತ್ತದೆ, ಒಟ್ಟಿಗೆ ಕೂತು ಟಿ.ವಿ. ನೋಡಿದ ಹೆಂಗಸರ ನಡುವೆಯೇ ಒಂಟಿ ಮುಸ್ಲಿಂ ಹೆಂಗಸು ಹೇಗೆ ಪರಕೀಯಳಾಗುತ್ತಾಳೆ ಎಂದು ಚಿತ್ರ ತೋರಿಸುತ್ತದೆ. ಗುಲಾಬಿಯಾಗಿ ನಟಿಸಿದ ಉಮಾಶ್ರೀಯವರಿಗೂ ರಾಷ್ಟ್ರಪ್ರಶಸ್ತಿ ಬಂತು. ಹಳೆಯ ಕತೆಗೆ ಇಂದಿನ ರೋಗವನ್ನು ಕಾಣುವ ಕಣ್ಣು ಕೊಟ್ಟರೆ ಅದು ದ್ರೋಹವೆ?

ದ್ರೋಹವೆನ್ನುವವರು ಮೊದಲು ಪಂಪನನ್ನು ಕಟಕಟೆಗೆ ಎಳೆಯಲಿ. ವ್ಯಾಸರ ದ್ರೌಪದಿಯನ್ನು ಅರ್ಜುನನೊಬ್ಬನ ಹೆಂಡತಿ ಮಾಡಿದವನು ಅವನು. ನಮ್ಮ ಜಿಲ್ಲೆಯ ಗುಬ್ಬಿ ವೀರಣ್ಣನವರನ್ನೂ ಬಿಡುವುದು ಬೇಡ! 'ಕುರುಕ್ಷೇತ್ರ' ನಾಟಕಕ್ಕೆ ರಂಗದ ಮೇಲೆ ನಿಜವಾದ ಆನೆ ಕುದುರೆ ತಂದವರು ಅವರು. ಮಹಾಭಾರತವನ್ನು ಕಣ್ಣಿಗೆ ಕಟ್ಟುವಂತೆ ಮಾಡಲು ವೀರಣ್ಣನವರ ದಾರಿ ವೈಭವದ್ದು. ಕಾಸರವಳ್ಳಿಯವರ ದಾರಿ ಮೌನದ್ದು. ದಾರಿ ಬೇರೆಯಾದರೂ ಬರೆದದ್ದನ್ನು ಓದುಬಾರದವನ ಕಣ್ಣಮುಂದೆ ತರುವ ಕೆಲಸ ಒಂದೇ. ವೀರಣ್ಣನವರು ಎಂದೂ 'ಈ ಜನಕ್ಕೆ ವ್ಯಾಸ ತಿಳಿಯುವುದಿಲ್ಲ' ಎಂದು ಟೆಂಟು ಕಟ್ಟದೆ ಕೂರಲಿಲ್ಲ.

ಕಾರ್ಮಿಕ ಬಂಧುಗಳದೇ ಒಂದು ಪ್ರಶ್ನೆಯಿದೆ. ಅದು ಪ್ರಾಮಾಣಿಕ ಪ್ರಶ್ನೆ. "ದಿನವೆಲ್ಲ ಕಷ್ಟ ಪಟ್ಟು ಬಂದವರು ಮತ್ತೆ ಕಷ್ಟವನ್ನೇ ಏಕೆ ನೋಡಬೇಕು? ತಬರ ಸೋಲುತ್ತಾನೆ, ಯಮುನಕ್ಕ ಸೋಲುತ್ತಾಳೆ. ಎದ್ದು ನಿಲ್ಲುವವರು ಯಾರೂ ಇಲ್ಲವೆ?" ನಮ್ಮ ಉತ್ತರ ಇದು. ತಬರನ ಕತೆಯಲ್ಲಿ ಹೊಡೆದುಹಾಕಲು ಒಬ್ಬ ಖಳನಿಲ್ಲ. ಪ್ರತಿಯೊಬ್ಬನೂ ತನ್ನ ನಿಯಮದ ಕಾಗದ ತೋರಿಸುತ್ತಾನೆ, ಎಲ್ಲರೂ ಸೇರಿ ಒಬ್ಬನನ್ನು ಹಾಳು ಮಾಡುತ್ತಾರೆ. ಖಳನೊಬ್ಬನಿದ್ದಿದ್ದರೆ ನಾಯಕನೊಬ್ಬ ಸಾಕಿತ್ತು. ಇಡೀ ಏರ್ಪಾಡೇ ಹೀಗಿರುವಾಗ ಒಬ್ಬಂಟಿ ತಬರ ಗೆಲ್ಲಲಾರ; ಹತ್ತು ಜನ ಕೂಡಿ ಅರ್ಜಿ ಹಿಡಿದು ಹೋಗಬೇಕು. ಆ ಪಾಠವನ್ನು ಚಿತ್ರ ಬಾಯಿಬಿಟ್ಟು ಹೇಳುವುದಿಲ್ಲ. ನೋಡಿದವನು ಮನೆಗೆ ನಡೆಯುವಾಗ ತಾನೇ ಹೇಳಿಕೊಳ್ಳುತ್ತಾನೆ.

ಹಾಗಾದರೆ ಅಡ್ಡ ನಿಂತಿರುವುದೇನು? 'ಘಟಶ್ರಾದ್ಧ'ದ ಹಳೆಯ ಪ್ರತಿಯನ್ನು ಮುಂಬಯಿಯ ಫಿಲ್ಮ್ ಹೆರಿಟೇಜ್ ಫೌಂಡೇಶನ್ ಮತ್ತು ಪರದೇಶದ ಸಂಸ್ಥೆಗಳು ಸೇರಿ ದುರಸ್ತಿ ಮಾಡಿ 2024ರಲ್ಲಿ ಇಟಲಿಯ ವೆನಿಸ್ ಉತ್ಸವದಲ್ಲಿ ತೋರಿಸಿದರು. ಸಂತೋಷ. ಮಲೆನಾಡಿನ ಅಗ್ರಹಾರದ ಕತೆ ವೆನಿಸ್ಸಿನವರಿಗೆ ತಿಳಿಯಿತಂತೆ, ಬಟವಾಡಿಯವರಿಗೆ ತಿಳಿಯುವುದಿಲ್ಲವಂತೆ! ಸಮುದ್ರ ದಾಟಿದ ಚಿತ್ರ ಬೆಂಗಳೂರಿನಿಂದ ತುಮಕೂರಿಗೆ ಬರಲು ಅಡ್ಡಿಯಾಗಿರುವುದು ನಮ್ಮ ತಿಳಿವಳಿಕೆಯಲ್ಲ, ಹಂಚುವವರ ಲೆಕ್ಕಾಚಾರ.

ಆದ್ದರಿಂದ ನಮ್ಮ ಒತ್ತಾಯ ಮೂರು. ಒಂದು: ಕನ್ನಡ ಚಿತ್ರಗಳಿಗೆ ಸಹಾಯಧನ ಕೊಡುವ ಸರ್ಕಾರ, ಜನರ ಹಣ ಪಡೆದ ಚಿತ್ರವನ್ನು ಜನರಿಗೆ ತೋರಿಸುವ ಹೊಣೆಯನ್ನೂ ಹೊರಲಿ; 2009ರಲ್ಲಿ ಸ್ಥಾಪನೆಯಾದ ಚಲನಚಿತ್ರ ಅಕಾಡೆಮಿ ತಾಲ್ಲೂಕು ತಾಲ್ಲೂಕಿಗೂ ಚಿತ್ರ ಕಳಿಸಲಿ. ಎರಡು: ತುಮಕೂರಿನಲ್ಲಿ ವೀರಣ್ಣನವರ ಹೆಸರಿನ ಕಲಾಕ್ಷೇತ್ರವಿದೆ, ತಿಂಗಳಿಗೊಂದು ಭಾನುವಾರ ಅಲ್ಲಿ ಇಂಥ ಚಿತ್ರಕ್ಕೆ ಜಾಗ ಕೊಡಲಿ, ಟಿಕೆಟ್ಟು ಒಂದು ಊಟದ ಬೆಲೆ ಮೀರದಿರಲಿ. ಮೂರನೆಯದು ನಮ್ಮ ನಮ್ಮಲ್ಲೇ: ಗಿರಣಿಯ ಸಂಘಗಳು, ಹಮಾಲರ ಸಂಘಗಳು, ವರ್ತಕರ ಸಂಘಗಳು ಒಂದು ಬಿಳಿ ಬಟ್ಟೆ ಕಟ್ಟಿ, ಹಕ್ಕುದಾರರ ಒಪ್ಪಿಗೆ ಪಡೆದು, ಬಟವಾಡಿಯ ಮಾರುಕಟ್ಟೆ ಬಯಲಿನಲ್ಲೇ ಮೊದಲ ಪ್ರದರ್ಶನ ನಡೆಸಲಿ. ಮೊದಲ ಚಿತ್ರ 'ತಬರನ ಕತೆ'ಯೇ ಆಗಲಿ.

'ತಿಳಿಯುವುದಿಲ್ಲ' ಎಂದ ಮಹನೀಯರಿಗೂ ಆಮಂತ್ರಣ ಹೋಗಲಿ. ಪೆನ್ಷನ್ ಪುಸ್ತಕ ಮಡಿಲಲ್ಲಿಟ್ಟುಕೊಂಡ ಮುದುಕರ ಪಕ್ಕದಲ್ಲಿ ಅವರಿಗೊಂದು ಕುರ್ಚಿ ಹಾಕಿಸೋಣ. ಎಲ್ಲಾದರೂ ಅರ್ಥವಾಗದಿದ್ದರೆ ಆ ಮುದುಕರನ್ನು ಕೇಳಿಕೊಳ್ಳಲಿ.