ಮಚ್ಚೆ ಯಾರದು, ಗಾಯ ಯಾರದು?

ಪುನರ್ಜನ್ಮಕ್ಕೆ ವಿಜ್ಞಾನವೇ ರುಜು ಹಾಕಿದೆ ಅನ್ನುವವರು ಮೊದಲು ತೆಗೆಯುವ ಹೆಸರು ಇಯಾನ್ ಸ್ಟೀವನ್ಸನ್. 2007ರಲ್ಲಿ ತೀರಿಕೊಂಡ ಈ ಅಮೆರಿಕದ ಮನೋವೈದ್ಯರು 'ಹಿಂದೆ ನಾನು ಇಂಥವನಾಗಿದ್ದೆ' ಎನ್ನುವ ಮಕ್ಕಳ ಎರಡು ಸಾವಿರಕ್ಕೂ ಹೆಚ್ಚು ಕತೆ ಕೂಡಿಟ್ಟರು. ಬೆಂಗಳೂರಿನ ನಿಮ್ಹಾನ್ಸ್‌ನ ಸತ್ವಂತ್ ಪಸ್ರೀಚಾ ಅವರ ಜೊತೆ ದುಡಿದವರು. ಗುಂಡು ತಗುಲಿ ಸತ್ತವನ ಗಾಯದ ಜಾಗದಲ್ಲೇ ಈಗಿನ ಮಗುವಿಗೆ ಮಚ್ಚೆ! 1997ರಲ್ಲಿ ಇದಕ್ಕೇ ಎರಡು ದಪ್ಪ ಸಂಪುಟ ಬಂದವು.

ನಾವು ನಗುವುದಿಲ್ಲ. ಅವರು 'ಸಾಬೀತು' ಅನ್ನಲಿಲ್ಲ, 'ಸೂಚನೆ' ಅಂದರು. ಆದರೆ ಬಹುಪಾಲು ಕತೆಗಳಲ್ಲಿ ಅವರು ಹೋಗುವಷ್ಟರಲ್ಲಿ ಎರಡೂ ಮನೆಯವರು ಕೂಡಿ ಮಾತಾಡಿಯಾಗಿತ್ತು. ಮಗು ಹೇಳಿದ್ದೆಷ್ಟು, ದೊಡ್ಡವರು ತುಂಬಿದ್ದೆಷ್ಟು?

ಅವರೇ ಬರೆದ ಎರಡು ಕತೆ ಕೇಳಿ. 1954, ಉತ್ತರ ಪ್ರದೇಶದ ಮುಜಫ್ಫರನಗರ ಜಿಲ್ಲೆ. ಸಿಡುಬಿನಿಂದ ಸತ್ತನೆಂದುಕೊಂಡಿದ್ದ ಮೂರೂವರೆ ವರ್ಷದ ಜಾಟರ ಹುಡುಗ ಚೇತರಿಸಿಕೊಂಡ. ತಾನು ಬ್ರಾಹ್ಮಣ, ಈ ಮನೆಯದು ಉಣ್ಣೊಲ್ಲ ಅಂತ ಹಟ ಹಿಡಿದ. ಬ್ರಾಹ್ಮಣ ಹೆಂಗಸೊಬ್ಬಳು ವರ್ಷಕ್ಕೂ ಮೀರಿ ಅವನಿಗೆ ಬೇಯಿಸಿ ಹಾಕಿದಳು. ಇನ್ನೊಂದು, ಬ್ರಾಹ್ಮಣರ ಮನೆಯ ಹುಡುಗಿಯದು. ಹಿಂದಿನ ಜನ್ಮದಲ್ಲಿ ಜಾಡಮಾಲಿಯಂತೆ. ಹಂದಿಮಾಂಸ ಕೇಳುತ್ತಾಳೆ, ಗಲೀಜಾಗಿರುತ್ತಾಳೆ. ಅದೇ ಗುರುತಂತೆ! ಊರನ್ನೆಲ್ಲ ಚೊಕ್ಕ ಮಾಡಿದವಳ ನೆನಪು ಗಲೀಜಾಗಿಯೇ ಯಾಕೆ ಬರಬೇಕು ಸ್ವಾಮಿ? ಸತ್ತರೂ ಒಬ್ಬನ ಮಡಿ ಸಾಯಲಿಲ್ಲ, ಇನ್ನೊಬ್ಬಳ ಮೈಲಿಗೆ ತೊಳೆಯಲಿಲ್ಲ. ಮೂರು ವರ್ಷದ ಕೂಸಿಗೆ ಜಾತಿ ಕಲಿಯೋಕೆ ಇನ್ನೊಂದು ಜನ್ಮ ಬೇಡ, ಮನೆಯ ಹೊಸಿಲೇ ಸಾಕು.

ಹೋಗಲಿ, ಎಲ್ಲ ನಿಜವೆಂದೇ ಇಟ್ಟುಕೊಳ್ಳೋಣ. ಕೆಟ್ಟ ನಡತೆಯವರು ನಾಯಿ, ಹಂದಿ, ಚಂಡಾಲರ ಹೊಟ್ಟೆಯಲ್ಲಿ ಹುಟ್ಟುತ್ತಾರೆ ಅನ್ನುತ್ತದೆ ಛಾಂದೋಗ್ಯ ಉಪನಿಷತ್ತು. ಪಾಪಕ್ಕೆ ತಕ್ಕ ಜನ್ಮ ಎನ್ನುವ ಆ ಲೆಕ್ಕಕ್ಕೆ ತಮ್ಮ ಕತೆಗಳಲ್ಲಿ ಆಧಾರ ಸಿಕ್ಕಿಲ್ಲ ಅಂತ ಸ್ಟೀವನ್ಸನ್ನರೇ ಬರೆದಿದ್ದಾರೆ. ಅವರ ಹೆಸರು ಹೇಳಿ ಭಾಷಣ ಬಿಗಿಯುವವರು ಈ ಪುಟ ಮಾತ್ರ ತೆಗೆಯೋದಿಲ್ಲ. ಬಡವರ, ಕೆಳಗೆ ತುಳಿದವರ ಪಾಡಿಗೆ ಪ್ರಭುತ್ವ ಹೊಣೆಯಲ್ಲ ಅನ್ನಿಸೋಕೇ ಈ ಸಿದ್ಧಾಂತ ಹುಟ್ಟಿರಬೇಕು ಎಂದು ಬಾಬಾಸಾಹೇಬರು 1957ರಲ್ಲಿ ಪ್ರಕಟವಾದ 'ಬುದ್ಧ ಮತ್ತು ಆತನ ಧಮ್ಮ'ದಲ್ಲಿ ಹೇಳಿದ್ದರು.

ಮಚ್ಚೆಯನ್ನು ಸತ್ತವನ ಗಾಯಕ್ಕೆ ತಾಳೆ ಹಾಕಲು ಸ್ಟೀವನ್ಸನ್ ಮರಣೋತ್ತರ ಪರೀಕ್ಷೆಯ ಕಾಗದ ಹುಡುಕಿ ತೆಗೆಯುತ್ತಿದ್ದರು. 2000ದ ಮಾರ್ಚ್‌ನಲ್ಲಿ ಕಂಬಾಲಪಲ್ಲಿಯಲ್ಲಿ ನಮ್ಮ ಏಳು ಜನರನ್ನು ಸುಟ್ಟರು. ಆ ಕಾಗದಗಳೂ ಇದ್ದವು. 2006ರಲ್ಲಿ ಆರೋಪಿಗಳೆಲ್ಲ ಬಿಡುಗಡೆಯಾದರು.