ದಮ್ಮಾಮ್‌ನ ಕಾರು ಅಮ್ಮಸಂದ್ರಕ್ಕೆ ಬರಲಿಲ್ಲ

ಕಳೆದ ವರ್ಷ ಶಾಬಾನ್ ತಿಂಗಳಲ್ಲಿ ಒಂದು ರಾತ್ರಿ ದಮ್ಮಾಮ್‌ನಿಂದ ನನ್ನ ನಾದಿನಿಯ ಫೋನು ಬಂತು. "ಭಾಭಿ, ಖುರೂಜ್ ಹಾಕಿಸುತ್ತಿದ್ದೇವೆ. ಇನ್ನು ಊರಿಗೇ ಬಂದುಬಿಡುತ್ತೇವೆ" ಎಂದಳು. ಹನ್ನೊಂದು ವರ್ಷಗಳ ಮೇಲೆ ಮಗಳು ಬರುತ್ತಾಳೆಂದು ಅತ್ತೆಯವರು ಕುಳಿತಲ್ಲೇ ಶುಕ್ರ್ ಹೇಳಿದರು. ಸ್ವಲ್ಪ ಹೊತ್ತು ಸುಮ್ಮನಿದ್ದು ಅವಳು ಮತ್ತೆ ಹೇಳಿದಳು: "ಕಾರನ್ನೂ ತರಬೇಕೆಂದಿದ್ದೇವೆ. ಮುಂಬೈಯಲ್ಲಿ ಒಬ್ಬ ಏಜೆಂಟ್ ಇದ್ದಾನೆ. ಎರಡು ಲಕ್ಷ ಮುಂಗಡ ಕೇಳುತ್ತಿದ್ದಾನೆ. ಭಾಯಿಜಾನ್‌ಗೆ ಹೇಳಿ ಕೊಡಿಸುತ್ತೀರಾ?"

ನಮ್ಮ ಮನೆಯಲ್ಲಿ ಎರಡು ಲಕ್ಷ ಎಂದರೆ ಅಟ್ಟದ ಮೇಲಿನ ಕೊಬ್ಬರಿ. ಅತ್ತೆಯವರ ಪಾಲಿನ ತೋಟದ ಕಾಯಿಯನ್ನು ಹತ್ತು ಹನ್ನೊಂದು ತಿಂಗಳು ಅಟ್ಟದಲ್ಲಿಟ್ಟು, ಅಲುಗಿಸಿ ನೋಡಿ, ಸುಲಿಸಿ, ತಿಪಟೂರಿನ ಮಾರುಕಟ್ಟೆಗೆ ಕಳಿಸುವಷ್ಟರಲ್ಲಿ ಏನೆಲ್ಲ ಪಾಡು ಎಂಬುದು ಈ ಕಡೆಯ ಓದುಗರಿಗೆ ಹೇಳಬೇಕಿಲ್ಲ. ಆದರೂ ಅತ್ತೆಯವರು ಎರಡನೇ ಮಾತಾಡದೆ "ಕೊಡು" ಎಂದರು. ಆ ಕಾರು ಮಗಳಿಗೆ ಏನೆಂಬುದು ಅವರಿಗೆ ಗೊತ್ತಿತ್ತು.

ಸೌದಿಯಲ್ಲಿ ಹೆಂಗಸರು ಕಾರು ಓಡಿಸಲು ಅವಕಾಶ ಸಿಕ್ಕಿದ್ದು 2018ರ ಜೂನ್ 24ರಂದು. ಅದಕ್ಕೆ ಮೊದಲು ನನ್ನ ನಾದಿನಿ ಮಗುವಿಗೆ ಜ್ವರ ಬಂದರೂ ಗಂಡ ಡ್ಯೂಟಿ ಮುಗಿಸಿ ಬರುವ ತನಕ ಬಾಗಿಲು ನೋಡುತ್ತಾ ಕೂರಬೇಕಿತ್ತು. ಅವಕಾಶ ಬಂದ ಮೇಲೆ ಶಾಲೆಗೆ ಸೇರಿ ಕಲಿತು ಲೈಸೆನ್ಸ್ ಪಡೆದಳು. ಮಕ್ಕಳನ್ನು ಶಾಲೆಗೆ ಬಿಡುವುದು, ಅಂಗಡಿ, ಆಸ್ಪತ್ರೆ ಎಲ್ಲವೂ ಅವಳದೇ. ಅಮ್ಮಸಂದ್ರದ ಸ್ಟೇಷನ್ನಿನಿಂದ ಮನೆಗೆ ಬರಲೂ ಅಣ್ಣನ ಸ್ಕೂಟರಿಗೆ ಕಾಯುತ್ತಿದ್ದ ಹುಡುಗಿ ಅವಳು. ಕಾರು ಬಿಟ್ಟು ಬಂದರೆ ಮತ್ತೆ ಹಿಂದಿನ ಸೀಟಿಗೇ ಹೋಗುತ್ತೇನೆ ಎಂಬ ಭಯ ಅವಳ ಮಾತಿನಲ್ಲಿತ್ತು.

ಹಣ ಕಳಿಸುವ ಮೊದಲು ಬೆಂಗಳೂರಿನಲ್ಲಿ ಸರಕು ಸಾಗಣೆಯ ಕಚೇರಿಯೊಂದರಲ್ಲಿ ಕೆಲಸ ಮಾಡುವ ನನ್ನ ಚಿಕ್ಕಪ್ಪನ ಮಗನಿಗೆ ಒಂದು ಮಾತು ಕೇಳೋಣ ಎಂದುಕೊಂಡೆ. ಅವನು ಕಾರು ಯಾವ ಕಂಪೆನಿಯದು, ಎಷ್ಟು ಬೆಲೆ ಎಂದು ಏನೂ ಕೇಳಲಿಲ್ಲ. "ಆಪಾ, ಸ್ಟೇರಿಂಗ್ ಯಾವ ಕಡೆ ಇದೆ?" ಎಂದ.

ಅಲ್ಲಿಗೇ ಮುಗಿಯಿತು. ಸೌದಿ, ಯುಎಇ, ಕತಾರ್, ಕುವೈತ್, ಒಮಾನ್, ಬಹ್ರೈನ್ ಎಲ್ಲ ಕಡೆ ರಸ್ತೆಯ ಬಲಬದಿಯಲ್ಲಿ ಓಡಿಸುತ್ತಾರೆ. ಕಾರಿನ ಸ್ಟೇರಿಂಗ್ ಎಡಕ್ಕಿರುತ್ತದೆ. ನಮ್ಮ ದೇಶಕ್ಕೆ ತಂದು ನೋಂದಣಿ ಮಾಡಿಸುವ ಹಳೆಯ ಕಾರಿಗೆ ಸ್ಟೇರಿಂಗ್ ಬಲಕ್ಕಿರಬೇಕೆಂಬುದು ಆಮದು ನೀತಿಯ ಶರತ್ತು. ಗಲ್ಫಿನ ನಮ್ಮ ಸಾವಿರಾರು ಮನೆಗಳ ಕಾರುಗಳು ಈ ಒಂದೇ ಮಾತಿನಲ್ಲಿ ಹೊರಗುಳಿಯುತ್ತವೆ. ಇಷ್ಟು ಚಿಕ್ಕ ವಿಷಯ ನಮಗೆ ಹೊಳೆಯಲಿಲ್ಲವಲ್ಲ ಎಂದು ನಾಚಿಕೆಯಾಯಿತು. ರಜೆಯಲ್ಲಿ ಅವಳು ಕಳಿಸಿದ ಫೋಟೋಗಳಲ್ಲಿ ಅವಳು ಎಡಗಡೆ ಕುಳಿತಿದ್ದನ್ನು ನಾವೆಲ್ಲ ಎಷ್ಟು ಸಲ ನೋಡಿದ್ದೆವು!

ಏಜೆಂಟನಿಗೆ ಫೋನು ಮಾಡಿದರೆ ಅವನ ಬಳಿ ಉತ್ತರ ಸಿದ್ಧವಿತ್ತು: "ಇಲ್ಲಿಗೆ ಬಂದ ಮೇಲೆ ಸ್ಟೇರಿಂಗ್ ಬಲಕ್ಕೆ ಹಾಕಿಸಿಕೊಡುತ್ತೇವೆ, ಮೇಡಂ." ಕಂಪೆನಿ ತಯಾರಿಸಿದ ಮೂಲ ವಿವರಕ್ಕೆ ವ್ಯತ್ಯಾಸ ಬರುವಂತೆ ವಾಹನವನ್ನು ಬದಲಿಸಬಾರದೆಂದು ಮೋಟಾರು ವಾಹನ ಕಾಯ್ದೆಯ 52ನೇ ಕಲಮು ಹೇಳುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಎತ್ತಿಹಿಡಿದಿದೆ. ಮೊದಲ ಮಾತೆಂದರೆ, ಎಡ ಸ್ಟೇರಿಂಗಿನ ಕಾರು ಬಂದರಿನಿಂದಲೇ ಬಿಡುಗಡೆಯಾಗಬೇಕಲ್ಲ? ಅಷ್ಟರಲ್ಲಿ ಮುಂಗಡ ಅವನ ಜೇಬು ಸೇರಿರುತ್ತದೆ, ಕಾರು ನಿಂತಷ್ಟು ದಿನ ಬಾಡಿಗೆ ಏರುತ್ತಿರುತ್ತದೆ.

ಸ್ಟೇರಿಂಗ್ ಬಲಕ್ಕಿದ್ದರೆ? ಬ್ರಿಟನ್, ಮಲೇಶ್ಯ, ಆಸ್ಟ್ರೇಲಿಯಾದಲ್ಲಿರುವ ಮನೆಯವರು ಈ ಪ್ರಶ್ನೆ ಕೇಳಬಹುದು. ಅವರಿಗೆ ಬಾಗಿಲು ತೆರೆದಿದೆ, ಆದರೆ ಹೊಸ್ತಿಲು ಎತ್ತರ. ಹಳೆಯ ಕಾರಾದರೆ ತಯಾರಾಗಿ ಮೂರು ವರ್ಷ ಮೀರಿರಬಾರದು; ನೀವು ಕೊಂಡ ದಿನದಿಂದಲ್ಲ, ತಯಾರಾದ ದಿನದಿಂದ. ಇನ್ನೂ ಐದು ವರ್ಷ ರಸ್ತೆಯಲ್ಲಿ ಓಡುವ ಯೋಗ್ಯತೆ ಇದೆಯೆಂದು ಹಡಗು ಹತ್ತಿಸುವ ಮೊದಲೇ ಪರೀಕ್ಷೆಯ ಪ್ರಮಾಣಪತ್ರ ಬೇಕು. ವೇಗ ತೋರಿಸುವ ಮೀಟರಿನಲ್ಲಿ ಕಿಲೋಮೀಟರ್ ಇರಬೇಕು. ಬ್ರಿಟನ್ನಿನ ಕಾರುಗಳಲ್ಲಿ ಮೈಲಿ ಇರುತ್ತದೆ ನೋಡಿ. ಹಳೆಯ ಕಾರು ಇಳಿಯುವುದು ಮುಂಬೈ ಬಂದರಿನಲ್ಲಿ ಮಾತ್ರ. ನಮಗೆ ಹತ್ತಿರವೆಂದು ಮಂಗಳೂರಿಗೋ ಚೆನ್ನೈಗೋ ತರಿಸುವಂತಿಲ್ಲ. ಇಳಿದ ಮೇಲೆ ಪುಣೆಯ ಎಆರ್‌ಎಐಯಂತಹ ಸಂಸ್ಥೆಯಲ್ಲಿ ಮತ್ತೆ ಪರೀಕ್ಷೆ.

ತೆರಿಗೆಯ ಮಾತು ಬಂದರೆ ಎದೆ ಗಟ್ಟಿ ಮಾಡಿಕೊಳ್ಳಬೇಕು. ಮನೆ ಬದಲಿಸಿ ಬರುವವರಿಗೆ ಅವರು ಹೊರಗಿದ್ದ ಕಾಲಕ್ಕೆ ತಕ್ಕಂತೆ ಮನೆ ಸಾಮಾನಿನ ಮೇಲೆ ರಿಯಾಯಿತಿ ಇದೆ. ಕಾರೂ ಅದರಲ್ಲೇ ಬರುತ್ತದೆಂದು ಬಹಳ ಮಂದಿ ತಿಳಿದಿದ್ದಾರೆ. 1962ರ ಕಸ್ಟಮ್ಸ್ ಕಾಯ್ದೆಯಲ್ಲಿ 'ಬ್ಯಾಗೇಜ್' ಎಂದರೇನು ಎಂದು ಹೇಳುವ ಕಡೆಯಲ್ಲೇ ಮೋಟಾರು ವಾಹನ ಅದರಲ್ಲಿ ಸೇರುವುದಿಲ್ಲವೆಂದು ಬರೆದುಬಿಟ್ಟಿದ್ದಾರೆ. ಹಾಗಾಗಿ ಪೂರ್ತಿ ಸುಂಕ. ಹತ್ತು ಲಕ್ಷದ ಕಾರಿಗೆ ಸುಂಕ ಮತ್ತು ಜಿಎಸ್‌ಟಿ ಸೇರಿ ಹತ್ತು ಲಕ್ಷವನ್ನೂ ದಾಟುತ್ತದೆ. ನಿಮ್ಮ ಚೀಟಿಯಲ್ಲಿರುವ ಬೆಲೆಯನ್ನು ಕಸ್ಟಮ್ಸಿನವರು ಒಪ್ಪಲೇಬೇಕೆಂದೂ ಇಲ್ಲ. ಹಡಗಿನ ಬಾಡಿಗೆ, ವಿಮೆಯನ್ನು ಸೇರಿಸಿಯೇ ಲೆಕ್ಕ ಹಾಕುತ್ತಾರೆ. ಇಷ್ಟಾದ ಮೇಲೆ ನಮ್ಮ ತುರುವೇಕೆರೆಯವರಾದರೆ ತಿಪಟೂರಿನ ಆರ್‌ಟಿಒ ಕಚೇರಿಗೆ ಸುಂಕ ಕಟ್ಟಿದ ಕಾಗದ, ವಿಮೆ, 20ನೇ ನಮೂನೆಯ ಅರ್ಜಿ ಹಿಡಿದು ಹೋಗಬೇಕು. ಅಲ್ಲಿ ಕರ್ನಾಟಕದ ಆಜೀವ ತೆರಿಗೆ ಕಾದಿರುತ್ತದೆ. ಆಮೇಲೆ ಕೆಎ 44 ಎಂಬ ಬೋರ್ಡು. ಆ ಹಣದಲ್ಲಿ ಇಲ್ಲಿಯೇ ಎರಡು ಹೊಸ ಕಾರು ಬರುತ್ತಿತ್ತು ಎಂದು ನನ್ನ ಮನೆಯವರು ಲೆಕ್ಕ ಹಾಕಿದರು. ಅವರು ಲೆಕ್ಕದಲ್ಲಿ ಸ್ವಲ್ಪ ಧಾರಾಳಿ, ಆದರೂ ಈ ಸಲ ತಪ್ಪೇನಿಲ್ಲ.

"ಹಾಗಾದರೆ ಕಾಸರಗೋಡು, ಮಲಪ್ಪುರಂ ಕಡೆ ದುಬೈ ನಂಬರಿನ ಕಾರು ಓಡುತ್ತವಲ್ಲ?" ಎಂದು ನಾದಿನಿ ಕೇಳಿದಳು. ಅವು ಕಾರ್ನೆಟ್ ಎಂಬ ಪತ್ರದ ಮೇಲೆ ಪ್ರವಾಸಕ್ಕೆ ಬಂದವು. ಆಯಾ ದೇಶದ ಆಟೊಮೊಬೈಲ್ ಸಂಸ್ಥೆಗೆ ಜಾಮೀನು ಕಟ್ಟಿ ತರುತ್ತಾರೆ. ಸಾಮಾನ್ಯವಾಗಿ ಆರು ತಿಂಗಳ ಅವಧಿ. ನಮ್ಮ ಅಟ್ಟದ ಕಾಯಿ ಕೊಬ್ಬರಿಯಾಗುವಷ್ಟೂ ಕಾಲವಿಲ್ಲ. ಮಾರುವಂತಿಲ್ಲ, ಇಲ್ಲಿನ ನಂಬರ್ ಸಿಗುವುದಿಲ್ಲ, ಅವಧಿ ಮುಗಿದರೆ ಹಿಂದಕ್ಕೆ ಒಯ್ಯಲೇಬೇಕು. ಖಾಯಂ ಆಗಿ ಬರುವವರಿಗೆ ಅದು ದಾರಿಯಲ್ಲ. ಅಗ್ಗಕ್ಕೆ ಸಿಕ್ಕಿತೆಂದು ಇಲ್ಲಿ ವಿದೇಶಿ ಕಾರು ಕೊಳ್ಳುವವರೂ ಎಚ್ಚರದಿಂದಿರಬೇಕು. 2025ರ ಸೆಪ್ಟೆಂಬರಿನಲ್ಲಿ ಕೇರಳದಲ್ಲಿ ಕಸ್ಟಮ್ಸ್ ಇಲಾಖೆ 'ನುಮ್‌ಖೋರ್' ಎಂಬ ಹೆಸರಿನಲ್ಲಿ ಶೋಧ ನಡೆಸಿ, ಭೂತಾನದ ಮೂಲಕ ಸುಂಕ ತಪ್ಪಿಸಿ ತಂದವೆಂದು ಹಲವು ಕಾರುಗಳನ್ನು ವಶಪಡಿಸಿಕೊಂಡಿತು. ಕೊಂಡವರ ಮನೆಯ ಅಂಗಳದಿಂದಲೇ.

ಅವಳು ಅತ್ತಳು. ನಾನು ಸಮಾಧಾನ ಹೇಳುವ ಬದಲು ಕೆಲಸದ ಮಾತಾಡಿದೆ. ಕಾರನ್ನು ಬೇಗ ಮಾರಬೇಕು, ಏಕೆಂದರೆ ಸೌದಿಯಲ್ಲಿ ಹೆಸರಿನಲ್ಲಿ ವಾಹನ ಉಳಿದಿದ್ದರೆ, ದಂಡ ಬಾಕಿಯಿದ್ದರೆ ಖುರೂಜ್ ಆಗುವುದಿಲ್ಲ. ಟಿಕೆಟ್ ತೆಗೆದ ಮೇಲೆ ಮಾರಲು ಹೊರಟರೆ ಕೊಳ್ಳುವವನು ಕೇಳಿದ್ದೇ ಬೆಲೆ. ಸ್ನೇಹಿತರ ಕೈಗೆ ಕೀಲಿ ಕೊಟ್ಟು "ಆಮೇಲೆ ಹೆಸರು ಬದಲಿಸಿಕೊಳ್ಳಿ" ಎಂದು ಬರುವ ಔದಾರ್ಯವೂ ಬೇಡ. ಇಸ್ತಿಮಾರಾ ಯಾರ ಹೆಸರಿನಲ್ಲಿದೆಯೋ ದಂಡವೂ ಅವರ ತಲೆಗೇ. ದುಬೈಯವರೂ ಅಷ್ಟೇ, ಮುಲ್ಕಿಯಾ ವರ್ಗವಾಗುವ ತನಕ, ಸಾಲಿಕ್ ಖಾತೆ ಮುಚ್ಚುವ ತನಕ ವಿಮಾನ ಹತ್ತಬಾರದು. ಬ್ಯಾಂಕ್ ಸಾಲವಿದ್ದರೆ ತೀರಿಸಿದ ಪತ್ರ ಕೈಯಲ್ಲಿರಲಿ.

ಇನ್ನೊಂದು ಮಾತು ಹೇಳಿದೆ: "ನಿನ್ನ ಲೈಸೆನ್ಸ್ ಎಸೆಯಬೇಡ, ಅವಧಿ ಮುಗಿಯುವ ಮೊದಲು ತಾ." ಹೊರದೇಶದ ಲೈಸೆನ್ಸ್ ಇರುವವರು ಇಲ್ಲಿ ಲೈಸೆನ್ಸ್ ಕೇಳುವಾಗ ಅದೇ ಬಗೆಯ ವಾಹನಕ್ಕೆ ಚಾಲನಾ ಪರೀಕ್ಷೆಯಿಂದ ವಿನಾಯಿತಿ ಕೇಳಲು 1988ರ ಕಾಯ್ದೆಯ 9ನೇ ಕಲಮಿನಲ್ಲಿ ಅವಕಾಶವಿದೆ. ವೈದ್ಯಕೀಯ ಪ್ರಮಾಣಪತ್ರ ಬೇಕಾಗುತ್ತದೆ. ನಮ್ಮ ಸಹೋದರಿಯರಲ್ಲಿ ಎಷ್ಟೋ ಮಂದಿ ಈ ಕಾರ್ಡನ್ನು ಊರಿಗೆ ಬಂದ ಮೇಲೆ ಬೇಡದ ವಸ್ತುವೆಂದು ಪೆಟ್ಟಿಗೆಯ ತಳಕ್ಕೆ ಹಾಕಿಬಿಡುತ್ತಾರೆ. "ಇಲ್ಲಿ ನೀನೇಕೆ ಓಡಿಸಬೇಕು, ನಾವಿಲ್ಲವೇ?" ಎನ್ನುವ ಗಂಡಸರು ಪ್ರೀತಿಯಿಂದಲೇ ಹೇಳುತ್ತಾರೆ, ಒಪ್ಪುತ್ತೇನೆ. ಆದರೆ ಜ್ವರ ಅವರಿಗೆ ಡ್ಯೂಟಿಯಿಲ್ಲದ ದಿನವೇ ಬರಬೇಕಲ್ಲ.

ದಮ್ಮಾಮ್‌ನ ಕಾರು ಅಲ್ಲಿಯೇ ಒಬ್ಬ ಸುಡಾನಿಗೆ ಮಾರಾಟವಾಯಿತು. ಕೊಬ್ಬರಿಯ ಹಣ ಉಳಿಯಿತು. ಅದಕ್ಕೆ ಇನ್ನಷ್ಟು ಸೇರಿಸಿ ತುಮಕೂರಿನಲ್ಲಿ ಒಂದು ಹಳೆಯ ಪುಟ್ಟ ಕಾರು ಕೊಂಡರು, ಅವಳ ಹೆಸರಿಗೇ. ವಿನಾಯಿತಿ ಕೇಳಬಹುದಿತ್ತಾದರೂ ಅವಳೇ ಬೇಡವೆಂದು ತಿಪಟೂರಿನಲ್ಲಿ ಪರೀಕ್ಷೆ ಕೊಟ್ಟಳು. ಏಕೆಂದರೆ ಮೊದಲ ದಿನ ಅಭ್ಯಾಸಕ್ಕೆಂದು ಮನೆಯಿಂದ ಸ್ಟೇಷನ್ ರಸ್ತೆಗೆ ತಿರುಗಿದವಳು ಸೀದಾ ಬಲಬದಿ ಹಿಡಿದಿದ್ದಳು. ಎದುರಿಗೆ ಸಿಮೆಂಟ್ ಲಾರಿ. ಅಲ್‌ಹಮ್ದುಲಿಲ್ಲಾಹ್, ಲಾರಿಯವನು ನಿಲ್ಲಿಸಿದ. ಹಿಂದಿನ ಸೀಟಿನಲ್ಲಿದ್ದ ಅತ್ತೆಯವರು ಕಲಿಮ ಹೇಳಿ ಮುಗಿಸಿ, "ಬೇಟಿ, ಇದು ಅಮ್ಮಸಂದ್ರ. ಎಡಕ್ಕೆ ಹೋಗು" ಎಂದರು.